ಲೈಸೆನ್ಸ್ ಮೇಲಿನ ಗುರುತು, ಲೈಸೆನ್ಸ್ ಹಿಂದಿನ ಕಡತ: ಕ್ಯಾಲಿಫೋರ್ನಿಯಾದ ಎಬಿ 60 ಪ್ರಕರಣ

2013ರ ಅಕ್ಟೋಬರ್ 3ರಂದು ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಲಾಸ್ ಏಂಜಲೀಸ್‌ನಲ್ಲಿ ಎಬಿ 60 (ಅಸೆಂಬ್ಲಿ ಬಿಲ್ 60) ಎಂಬ ಮಸೂದೆಗೆ ಅಂಕಿತ ಹಾಕಿದರು. ಅಮೆರಿಕದಲ್ಲಿ ನೆಲೆಸಲು ಕಾನೂನುಬದ್ಧ ದಾಖಲೆ ಇಲ್ಲದವರೂ ತಾವು ಯಾರು, ಕ್ಯಾಲಿಫೋರ್ನಿಯಾದಲ್ಲಿ ಎಲ್ಲಿದ್ದೇವೆ ಎಂಬುದನ್ನು ರುಜುವಾತುಪಡಿಸಿ ಪರೀಕ್ಷೆ ಪಾಸು ಮಾಡಿದರೆ ಡ್ರೈವಿಂಗ್ ಲೈಸೆನ್ಸ್ ಪಡೆಯಬಹುದು ಎಂಬುದು ಅದರ ತಿರುಳು. ಹೇಳುವುದಕ್ಕೆ ಇಷ್ಟೇ. ಇಷ್ಟನ್ನು ಕಾನೂನಿನ ಪುಸ್ತಕಕ್ಕೆ ಸೇರಿಸಲು ರಾಜ್ಯದ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಶಾಸಕರಿಗೆ, ಅವರ ಕಚೇರಿಗಳಲ್ಲಿ ಕರಡು ತಿದ್ದುತ್ತಿದ್ದ ಸಿಬ್ಬಂದಿಗೆ, ಬೆನ್ನಿಗೆ ನಿಂತ ಸಂಘಟನೆಗಳಿಗೆ ಹದಿನೈದು ವರ್ಷಗಳಷ್ಟು ಕಾಲ ಹಿಡಿಯಿತು.

ಒಂದು ಸಮುದಾಯದ ಪರವಾಗಿ ರಾಜ್ಯ ಸರ್ಕಾರದ ಒಳಗೇ ಕುಳಿತು ನೀತಿ ರೂಪಿಸುವ ಕೆಲಸ ಹೇಗೆ ಸಾಗುತ್ತದೆ, ಎಲ್ಲಿ ಮುಗ್ಗರಿಸುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ. ನನ್ನ ವಾದವನ್ನು ಮೊದಲೇ ಇಡುತ್ತೇನೆ. ಈ ಹೋರಾಟದಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ಜಗಳವಾಡಿದ್ದು ಕಾರ್ಡಿನ ಮೇಲೆ ಕಣ್ಣಿಗೆ ಬೀಳುವ ಗುರುತಿನ ಬಗ್ಗೆ. ಕಾರ್ಡಿನ ಹಿಂದೆ ಬೆಳೆಯುತ್ತಿದ್ದ ಹೆಸರು, ವಿಳಾಸ, ಫೋಟೊಗಳ ಕಡತ ಯಾರ ಕೈಗೆ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು. ಅದಕ್ಕೆ ಸಿಕ್ಕ ಗಮನ ಕಡಿಮೆ.

ಬಾಗಿಲು ಮುಚ್ಚಿದ ಬಗೆ

1990ರ ದಶಕದ ಆರಂಭದವರೆಗೂ ಕ್ಯಾಲಿಫೋರ್ನಿಯಾದ ಡಿಎಂವಿ, ಅಂದರೆ ಅಲ್ಲಿನ ಆರ್‌ಟಿಓ, ಲೈಸೆನ್ಸ್ ಕೇಳಿ ಬಂದವರ ವಲಸೆ ಸ್ಥಿತಿಯನ್ನು ವಿಚಾರಿಸುತ್ತಿರಲಿಲ್ಲ. 1993ರಲ್ಲಿ ಎಸ್‌ಬಿ 976 (ಎಸ್‌ಬಿ ಎಂದರೆ ಸೆನೆಟ್ ಬಿಲ್) ಎಂಬ ಕಾಯ್ದೆ ಬಂತು; ಗವರ್ನರ್ ಪೀಟ್ ವಿಲ್ಸನ್ ಸಹಿ ಹಾಕಿದರು. ಅಲ್ಲಿಂದ ಮುಂದೆ, ದೇಶದಲ್ಲಿ ಕಾನೂನುಬದ್ಧವಾಗಿ ಇದ್ದೇವೆಂಬ ಪುರಾವೆ ಕೊಟ್ಟವರಿಗೆ ಮಾತ್ರ ಲೈಸೆನ್ಸ್. ಬೇ ಏರಿಯಾದಲ್ಲಿ ವೀಸಾ ಮೇಲೆ ಕೆಲಸ ಮಾಡುವ ಕನ್ನಡಿಗರಿಗೂ ಈ ನಿಯಮದ ಬಿಸಿ ಗೊತ್ತಿದೆ. ಅವರ ಲೈಸೆನ್ಸ್ ಅವಧಿ ವಲಸೆ ಕಾಗದಪತ್ರದ ಅವಧಿಗೇ ಗಂಟು ಬಿದ್ದಿರುತ್ತದೆ, ವೀಸಾ ವಿಸ್ತರಣೆ ತಡವಾದರೆ ಕಾರಿನ ಕೀಲಿ ಗೋಡೆಗೆ ತೂಗುಹಾಕಬೇಕಾಗುತ್ತದೆ. ಅವರಿಗಾದರೆ ಅದು ಕೆಲವು ವಾರಗಳ ತಾಪತ್ರಯ. ದಾಖಲೆ ಇಲ್ಲದವರಿಗೆ ಬಾಗಿಲೇ ಮುಚ್ಚಿತು.

ಮರುವರ್ಷ, 1994ರ ನವೆಂಬರ್‌ನಲ್ಲಿ, ಪ್ರೊಪೊಸಿಷನ್ 187 ಜನಮತಕ್ಕೆ ಬಂತು. ದಾಖಲೆ ಇಲ್ಲದವರ ಮಕ್ಕಳಿಗೆ ಸರ್ಕಾರಿ ಶಾಲೆ ಬೇಡ, ತುರ್ತು ಬಿಟ್ಟು ಬೇರೆ ಚಿಕಿತ್ಸೆ ಬೇಡ ಎಂಬ ಪ್ರಸ್ತಾವಕ್ಕೆ ಶೇ 59ರಷ್ಟು ಮತ ಬಿತ್ತು. ನ್ಯಾಯಾಲಯ ಅದನ್ನು ತಡೆಹಿಡಿಯಿತು, ಅದರ ಬಹುಭಾಗ ಜಾರಿಗೆ ಬರಲೇ ಇಲ್ಲ. ಆದರೆ ರಾಜಕೀಯವಾಗಿ ಅದು ಬೇರೆಯದನ್ನೇ ಜಾರಿಗೆ ತಂದಿತು. ಗ್ರೀನ್ ಕಾರ್ಡ್ ಹಿಡಿದು ವರ್ಷಗಟ್ಟಲೆ ಸುಮ್ಮನಿದ್ದ ಲಕ್ಷಾಂತರ ಲ್ಯಾಟಿನೊ ಜನ ಪೌರತ್ವಕ್ಕೆ ಅರ್ಜಿ ಹಾಕಿದರು, ಮತದಾರರ ಪಟ್ಟಿಗೆ ಹೆಸರು ಬರೆಸಿದರು. 1973ರಲ್ಲಿ ಐದೇ ಮಂದಿ ಸೇರಿ ಕಟ್ಟಿಕೊಂಡಿದ್ದ ಲ್ಯಾಟಿನೊ ಶಾಸಕರ ಕೂಟ ದೊಡ್ಡದಾಗುತ್ತ ಹೋಯಿತು. 1996ರಲ್ಲಿ ಕ್ರೂಸ್ ಬುಸ್ತಮಾಂಟೆ ಅಸೆಂಬ್ಲಿಯ, ಅಂದರೆ ರಾಜ್ಯದ ಕೆಳಮನೆಯ, ಮೊದಲ ಲ್ಯಾಟಿನೊ ಸ್ಪೀಕರ್ ಆದರು.

ಲೈಸೆನ್ಸ್ ಇಲ್ಲದೆ ಬದುಕುವುದೆಂದರೆ ಏನು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸಲೀನಾಸ್ ಕಣಿವೆಯ ಲೆಟ್ಯೂಸ್ ಹೊಲಗಳು, ಫ್ರೆಸ್ನೊ ಸುತ್ತಲಿನ ದ್ರಾಕ್ಷಿ ತೋಟಗಳು ಬಸ್ ಹೋಗುವ ಜಾಗಗಳಲ್ಲ. ಬೆಳಗಿನ ಜಾವಕ್ಕೆ ಹೊಲ ಮುಟ್ಟಬೇಕಾದವರು ಕಾರು ಓಡಿಸಲೇಬೇಕು. ದಾರಿಯಲ್ಲಿ ಪೊಲೀಸರು ನಿಲ್ಲಿಸಿ, ಲೈಸೆನ್ಸ್ ಇಲ್ಲವೆಂದು ಗೊತ್ತಾದರೆ ಕಾರನ್ನು ಮೂವತ್ತು ದಿನ ಮುಟ್ಟುಗೋಲು ಹಾಕಿಕೊಳ್ಳಲು ಕಾನೂನಿನಲ್ಲಿ ಅವಕಾಶವಿತ್ತು. ಎಳೆದೊಯ್ದ ಕೂಲಿ, ದಿನದ ಬಾಡಿಗೆ, ದಂಡ ಎಲ್ಲ ಕೂಡಿದರೆ ಹಳೆಯ ಕಾರಿನ ಬೆಲೆಯನ್ನೂ ಮೀರುತ್ತಿತ್ತು. ಎಷ್ಟೋ ಮಂದಿ ಕಾರನ್ನು ಅಲ್ಲಿಯೇ ಬಿಟ್ಟು ಇನ್ನೊಂದು ಹಳೆಯ ಗಾಡಿ ಕೊಂಡರು. ಲೈಸೆನ್ಸ್ ಇಲ್ಲದವರಿಗೆ ವಿಮೆ ಸಿಗುವುದು ಕಷ್ಟ. ಅಪಘಾತವಾದರೆ ನಿಲ್ಲಲು ಭಯ.

ಸೆಡಿಯೊ ವರ್ಷಗಳು

ಗಿಲ್ ಸೆಡಿಯೊ ಕಾರ್ಮಿಕ ಸಂಘಟನೆಯಿಂದ ಬಂದವರು. 1998ರಲ್ಲಿ ಲಾಸ್ ಏಂಜಲೀಸ್‌ನಿಂದ ಅಸೆಂಬ್ಲಿಗೆ ಗೆದ್ದು, 2002ರಲ್ಲಿ ಮೇಲ್ಮನೆಯಾದ ಸೆನೆಟ್‌ಗೆ ಹೋದರು. ಲೈಸೆನ್ಸ್ ಮಸೂದೆಯನ್ನು ಅವರು ಎಷ್ಟು ಸಲ ಮಂಡಿಸಿದರೆಂದರೆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಅವರಿಗೆ ‘ಒಂದೇ ಮಸೂದೆಯ ಗಿಲ್’ ಎಂದೇ ಅಡ್ಡಹೆಸರು ಬಿತ್ತು. ಆ ಹೆಸರಿನಲ್ಲಿ ಸ್ವಲ್ಪ ಕುಹಕವಿತ್ತು. ನನಗಂತೂ ಅದು ಗೌರವದ ಬಿರುದಾಗಿಯೇ ಕಾಣುತ್ತದೆ.

ಡೆಮಾಕ್ರಟಿಕ್ ಪಕ್ಷದವರೇ ಆದ ಗವರ್ನರ್ ಗ್ರೇ ಡೇವಿಸ್ 2000ದಲ್ಲಿ ಒಮ್ಮೆ, 2002ರಲ್ಲಿ ಮತ್ತೊಮ್ಮೆ ವೀಟೊ ಹಾಕಿದರು. ಎರಡನೆಯದು ಹೆಚ್ಚು ನೋವಿನದು. ಸೆಪ್ಟೆಂಬರ್ 11ರ ದಾಳಿಯ ನಂತರದ ವಾತಾವರಣಕ್ಕೆ ತಕ್ಕಂತೆ ಆ ಕರಡಿನಲ್ಲಿ ಅಪರಾಧ ಹಿನ್ನೆಲೆಯ ತಪಾಸಣೆಯಂಥ ಷರತ್ತುಗಳನ್ನು ಒಪ್ಪಿಕೊಳ್ಳಲಾಗಿತ್ತು. ಇಷ್ಟು ಬಿಟ್ಟುಕೊಟ್ಟ ಮೇಲೂ ವೀಟೊ ಬಂದಾಗ ಲ್ಯಾಟಿನೊ ಶಾಸಕರ ಕೂಟ ಆ ವರ್ಷದ ಮರುಚುನಾವಣೆಯಲ್ಲಿ ಡೇವಿಸ್ ಅವರಿಗೆ ಬೆಂಬಲ ಘೋಷಿಸಲಿಲ್ಲ. ಸ್ವಂತ ಪಕ್ಷದ ಗವರ್ನರ್‌ಗೆ ಹೀಗೆ ಬೆನ್ನು ತಿರುಗಿಸುವುದು ಸಣ್ಣ ನಿರ್ಧಾರವಲ್ಲ.

ಅದರ ಫಲ ಒಂದೇ ವರ್ಷದಲ್ಲಿ ಸಿಕ್ಕಿತು, ಸಿಕ್ಕ ಬಗೆ ಮಾತ್ರ ಕೆಟ್ಟದಾಗಿತ್ತು. 2003ರಲ್ಲಿ ಡೇವಿಸ್ ಅವರನ್ನು ಅವಧಿಗೆ ಮುನ್ನವೇ ಕೆಳಗಿಳಿಸುವ ಜನಮತ ಎದುರಾಯಿತು. ಲ್ಯಾಟಿನೊ ಮತ ಬೇಕಿದ್ದ ಅವರು, ಹಿಂದೆ ತಾವೇ ಕೇಳಿದ್ದ ಹಿನ್ನೆಲೆ ತಪಾಸಣೆಯೂ ಇಲ್ಲದ ಎಸ್‌ಬಿ 60ಕ್ಕೆ ಸೆಪ್ಟೆಂಬರ್ 5ರಂದು ಸಹಿ ಹಾಕಿದರು. ರಾಜ್ಯಕ್ಕೆ ರಾಜ್ಯವೇ ಅದನ್ನು ಮತಕ್ಕಾಗಿ ಹಾಕಿದ ಸಹಿ ಎಂದು ಓದಿತು. ಅಕ್ಟೋಬರ್ 7ರಂದು ಡೇವಿಸ್ ಸೋತರು. ಗೆದ್ದ ಅರ್ನಾಲ್ಡ್ ಶ್ವಾರ್ಜೆನೆಗರ್ ಪ್ರಚಾರದಲ್ಲಿ ಕೊಟ್ಟ ಮಾತಿನಂತೆ ಕಾಯ್ದೆಯನ್ನು ರದ್ದು ಮಾಡಿಸಲು ಹೊರಟರು. ಅತ್ತ ವಿರೋಧಿಗಳು ಅದನ್ನು ಜನಮತಕ್ಕೆ ಒಯ್ಯಲು ಸಹಿ ಸಂಗ್ರಹಿಸುತ್ತಿದ್ದರು. ಜನಮತದಲ್ಲಿ ಸೋತರೆ ಮುಂದಿನ ಎಷ್ಟೋ ವರ್ಷ ಯಾವ ಶಾಸಕನೂ ಈ ವಿಷಯ ಮುಟ್ಟುವುದಿಲ್ಲ ಎಂಬ ಲೆಕ್ಕ ಒಂದು ಕಡೆ, ಹೊಸ ಮಸೂದೆಗೆ ಕೈಜೋಡಿಸುತ್ತೇನೆಂದು ಹೊಸ ಗವರ್ನರ್ ಕೊಟ್ಟ ಭರವಸೆ ಇನ್ನೊಂದು ಕಡೆ. ತಮ್ಮದೇ ಕಾಯ್ದೆಯನ್ನು ರದ್ದುಗೊಳಿಸಲು ಸೆಡಿಯೊ ಒಪ್ಪಿಕೊಂಡರು. 2003ರ ಡಿಸೆಂಬರ್‌ನಲ್ಲಿ, ಜಾರಿಗೆ ಬರುವ ಮೊದಲೇ, ಅದು ರದ್ದಾಯಿತು.

ಈ ಒಪ್ಪಿಗೆಯನ್ನು ಹಲವರು ಸೋಲೆಂದು ಬರೆದರು. ನಾನು ಒಪ್ಪುವುದಿಲ್ಲ. ಅದೇ ಹೊತ್ತಿಗೆ ಜನಮತ ನಡೆದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಪಕ್ಕದ ಆರೆಗಾನ್ ಸಾಕ್ಷಿ. ಅಲ್ಲಿನ ಶಾಸಕಾಂಗ 2013ರಲ್ಲಿ ಇಂಥದೇ ಚಾಲನಾ ಪರವಾನಗಿಯ ಕಾಯ್ದೆ ಮಾಡಿತು. ವಿರೋಧಿಗಳು ಅದನ್ನು 2014ರ ನವೆಂಬರ್‌ನಲ್ಲಿ ಮೆಜರ್ 88 ಎಂಬ ಹೆಸರಿನಲ್ಲಿ ಜನಮತಕ್ಕೆ ಒಯ್ದರು; ಸುಮಾರು ಮೂರನೇ ಎರಡರಷ್ಟು ಮತದಾರರು ತಿರಸ್ಕರಿಸಿದರು. ಸೆಡಿಯೊ ಆ ಗಾಯವನ್ನು ಹತ್ತು ವರ್ಷ ಮೊದಲೇ ತಪ್ಪಿಸಿದರು.

ಗುರುತಿನ ಜಗಳ

2004ರಲ್ಲಿ ಹೊಸ ಮಸೂದೆ ಬಂದಾಗ ಶ್ವಾರ್ಜೆನೆಗರ್ ಇಟ್ಟ ಷರತ್ತು ಸ್ಪಷ್ಟವಾಗಿತ್ತು: ಈ ಲೈಸೆನ್ಸ್ ಉಳಿದವುಗಳಂತೆ ಕಾಣಬಾರದು, ಬೇರೆ ಗುರುತು ಇರಬೇಕು. ಸೆಡಿಯೊ ಮತ್ತು ಸಂಘಟನೆಗಳು ಒಪ್ಪಲಿಲ್ಲ. ವೀಟೊ ಬಿತ್ತು. 2005ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಿಯಲ್ ಐಡಿ ಕಾಯ್ದೆ ತಂದಿತು. ವಿಮಾನ ಹತ್ತಲು, ಕೇಂದ್ರದ ಕಟ್ಟಡಗಳಿಗೆ ಹೋಗಲು ಯಾವ ಕಾರ್ಡ್ ನಡೆಯುತ್ತದೆ ಎಂದು ಅದು ಗೊತ್ತುಪಡಿಸಿತು. ಆ ಮಟ್ಟಕ್ಕೆ ಬಾರದ ಕಾರ್ಡನ್ನೂ ರಾಜ್ಯಗಳು ಕೊಡಬಹುದು, ಆದರೆ ಕೇಂದ್ರದ ಕೆಲಸಗಳಿಗೆ ಸಲ್ಲದೆಂದು ಅದರ ಮುಖದ ಮೇಲೆ ಬರೆದಿರಬೇಕು, ವಿನ್ಯಾಸವೋ ಬಣ್ಣವೋ ಬೇರೆ ಇರಬೇಕು ಎಂದಿತು. ಅಲ್ಲಿಗೆ ಗುರುತು ಗವರ್ನರ್ ಒಬ್ಬರ ಹಟವಾಗಿ ಉಳಿಯಲಿಲ್ಲ, ಕೇಂದ್ರ ಕಾನೂನಿನ ಮಾತಾಯಿತು. ಆ ನಂತರವೂ ಮಸೂದೆ, ವೀಟೊ, ಮತ್ತೆ ಮಸೂದೆ, ಮತ್ತೆ ವೀಟೊ.

2004ರಲ್ಲಿ ಗುರುತನ್ನು ನಿರಾಕರಿಸಿದ್ದು ಸರಿಯೇ? ಈ ಪ್ರಕರಣದ ಅತ್ಯಂತ ಕಷ್ಟದ ಪ್ರಶ್ನೆ ಇದು. ನಿರಾಕರಿಸಿದವರ ಭಯ ಕಲ್ಪಿತವಲ್ಲ. ಜೇಬಿನಿಂದ ತೆಗೆದು ತೋರಿಸಿದ ಕೂಡಲೇ ಈತ ದಾಖಲೆ ಇಲ್ಲದವನು ಎಂದು ಹೇಳುವ ಕಾರ್ಡನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಮನೆ ಬಾಡಿಗೆಗೆ ಕೊಡುವವರು, ಕೆಲಸದ ಮೇಸ್ತ್ರಿ, ಊರಿನ ಪೊಲೀಸ್, ಪ್ರತಿಯೊಬ್ಬರೂ ಅದನ್ನು ಓದಬಲ್ಲರು. ಹಾಗೆ ಓದಿ ಅನ್ಯಾಯ ಮಾಡಿದರೆ ರಕ್ಷಣೆ ಕೊಡುವ ಕಲಮುಗಳ ಮಾತು ಆಗ ಮೇಜಿನ ಮೇಲೆ ಇರಲಿಲ್ಲ. ಇನ್ನೊಂದು ಕಡೆ, ಆ ನಿರಾಕರಣೆಯ ಬೆಲೆಯನ್ನು ಸ್ಯಾಕ್ರಮೆಂಟೊದಲ್ಲಿ ಕುಳಿತವರು ತೆರಲಿಲ್ಲ. ಮುಂದಿನ ಒಂಬತ್ತು ವರ್ಷ ಕಾರು ಕಳೆದುಕೊಂಡವರು ಹೊಲದ ಕೆಲಸದವರು, ಮನೆಗೆಲಸದ ಹೆಂಗಸರು, ರಾತ್ರಿ ಪಾಳಿಯಲ್ಲಿ ಕಚೇರಿ ಗುಡಿಸುವವರು. ನನ್ನ ಅಭಿಪ್ರಾಯದಲ್ಲಿ 2004ರಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಗುರುತು ಬೇಕೋ ಬೇಡವೋ ಎಂಬುದಲ್ಲ. ಗುರುತು ಬಂದರೆ ಅದನ್ನು ನಿರುಪಯೋಗಿ ಮಾಡುವ ಕಲಮುಗಳು ಯಾವುವು ಎಂಬುದು. ಆ ಪ್ರಶ್ನೆ ಕೇಳಲು 2013 ಬರಬೇಕಾಯಿತು.

ಈ ನಡುವೆ ಸಣ್ಣ ಹೆಜ್ಜೆಗಳು ಬಿದ್ದವು. 2011ರಲ್ಲಿ ಸೆಡಿಯೊ ಅವರ ಎಬಿ 353 ಕಾಯ್ದೆಯಾಯಿತು. ಕುಡಿದು ಓಡಿಸುವವರನ್ನು ಹಿಡಿಯಲು ಹಾಕಿದ ತಪಾಸಣಾ ಠಾಣೆಗಳಲ್ಲಿ, ಲೈಸೆನ್ಸ್ ಇಲ್ಲ ಎಂಬ ಒಂದೇ ಕಾರಣಕ್ಕೆ ಕಾರು ಎಳೆದೊಯ್ಯುವುದಕ್ಕೆ ಅದು ಕಡಿವಾಣ ಹಾಕಿತು. 2012ರ ಜೂನ್‌ನಲ್ಲಿ ಅಧ್ಯಕ್ಷ ಒಬಾಮ ಬಾಲ್ಯದಲ್ಲಿ ಬಂದವರಿಗೆ ಗಡೀಪಾರಿನಿಂದ ತಾತ್ಕಾಲಿಕ ವಿನಾಯಿತಿ ಘೋಷಿಸಿದಾಗ, ಆ ಯುವಜನರಿಗೆ ಲೈಸೆನ್ಸ್ ಕೊಡುವ ಎಬಿ 2189 ಅದೇ ಸೆಪ್ಟೆಂಬರ್‌ನಲ್ಲಿ ಕಾಯ್ದೆಯಾಯಿತು. ಲಾಸ್ ಏಂಜಲೀಸ್ ಪೊಲೀಸ್ ಮುಖ್ಯಸ್ಥ ಚಾರ್ಲಿ ಬೆಕ್, ಎಲ್ಲರಿಗೂ ಲೈಸೆನ್ಸ್ ಕೊಟ್ಟರೆ ರಸ್ತೆ ಸುರಕ್ಷಿತವಾಗುತ್ತದೆ ಎಂದು ಬಹಿರಂಗವಾಗಿ ಹೇಳಿದರು. ಆ ಮಾತಿನ ತೂಕ ಯಾವ ಶಾಸಕನ ಭಾಷಣಕ್ಕೂ ಇರಲಿಲ್ಲ. ವಾದದ ಕೇಂದ್ರವೇ ವಲಸೆಯಿಂದ ರಸ್ತೆಗೆ ಸರಿಯಿತು.

2012ರ ಕೊನೆಗೆ ಸೆಡಿಯೊ ಅವರ ಶಾಸಕಾಂಗದ ಅವಧಿ ಮುಗಿಯಿತು. ಕ್ಯಾಲಿಫೋರ್ನಿಯಾದಲ್ಲಿ 1990ರ ಪ್ರೊಪೊಸಿಷನ್ 140 ಶಾಸಕರಿಗೆ ಅಸೆಂಬ್ಲಿಯಲ್ಲಿ ಆರು, ಸೆನೆಟ್‌ನಲ್ಲಿ ಎಂಟು ವರ್ಷದ ಮಿತಿ ಹಾಕಿತ್ತು. ಹೀಗಿರುವಾಗ ದೀರ್ಘಕಾಲದ ನೀತಿಯ ನೆನಪು ಉಳಿಯುವುದು ಶಾಸಕರಲ್ಲಿ ಅಲ್ಲ. ಕೂಟದ ಸಲಹೆಗಾರರಲ್ಲಿ, ಸಮಿತಿಗಳ ವಿಶ್ಲೇಷಕರಲ್ಲಿ, ಒಬ್ಬ ಶಾಸಕನ ಕಚೇರಿಯಿಂದ ಇನ್ನೊಬ್ಬರ ಕಚೇರಿಗೆ ಹೋಗುವ ಸಿಬ್ಬಂದಿಯಲ್ಲಿ, ಹೊರಗಿನ ವಕೀಲ ಸಂಘಟನೆಗಳಲ್ಲಿ. ಹಿಂದಿನ ವೀಟೊ ಟಿಪ್ಪಣಿ ಏನು ಹೇಳಿತ್ತು, ಯಾವ ಪದಕ್ಕೆ ಪೊಲೀಸರು ತಕರಾರು ತೆಗೆದಿದ್ದರು, ಡಿಎಂವಿ ಎಷ್ಟು ಖರ್ಚು ತೋರಿಸಿತ್ತು ಎಂಬುದನ್ನೆಲ್ಲ ಕಾಪಿಟ್ಟು ಮುಂದಿನವರ ಕೈಗಿಡುವ ಈ ಜನರ ಹೆಸರು ಕಾಯ್ದೆಯಲ್ಲಿ ಎಲ್ಲಿಯೂ ಇರುವುದಿಲ್ಲ.

2013

ರಿಲೇ ಓಟದಂತೆ ಸೆಡಿಯೊ ಬಿಟ್ಟ ಕೋಲನ್ನು ಕೈಗೆತ್ತಿಕೊಂಡವರು ಶಾಸಕ ಲೂಯಿಸ್ ಅಲೆಹೊ. ವಾಟ್ಸನ್‌ವಿಲ್ ಎಂಬ ಸ್ಟ್ರಾಬೆರಿ ಬೆಳೆಯುವ ಊರಿನ ಮೇಯರ್ ಆಗಿದ್ದ ವಕೀಲ, ಕೃಷಿ ಕಾರ್ಮಿಕರ ಕುಟುಂಬದವರು. ಹಿಂದಿನ ಹಲವು ಮಸೂದೆಗಳಿಗಿದ್ದ 60ರ ಸಂಖ್ಯೆಯೇ ಇದಕ್ಕೂ ಇತ್ತು. ಸೆನೆಟ್‌ನಲ್ಲಿ ಜೊತೆಗಿದ್ದವರು ಆಗ ಲ್ಯಾಟಿನೊ ಕೂಟದ ಅಧ್ಯಕ್ಷರಾಗಿದ್ದ ರಿಕಾರ್ಡೊ ಲಾರಾ ಮತ್ತು ಕೆವಿನ್ ಡಿ ಲಿಯೋನ್. 2012ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಸ್ಥಾನ ಸಿಕ್ಕಿತ್ತು, ಆದ್ದರಿಂದ ಮತಗಳ ಚಿಂತೆ ಅಷ್ಟಾಗಿ ಇರಲಿಲ್ಲ. ಚಿಂತೆ ಇದ್ದದ್ದು ಪದಗಳದ್ದು.

ಗುರುತಿಗೆ ಒಪ್ಪಿದ ತಿದ್ದುಪಡಿ ಸೇರಿದಾಗ ಸಂಘಟನೆಗಳೊಳಗೇ ಒಡಕು ಕಂಡಿತು. ಅಧಿವೇಶನದ ಕೊನೆಯ ಗಳಿಗೆಯಲ್ಲಿ ಅಲೆಹೊ ಮಸೂದೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದಾಗಿ ಹೇಳಿಯೂಬಿಟ್ಟರು. ಕೂಟದ ಸಹೋದ್ಯೋಗಿಗಳು ಒತ್ತಾಯಿಸಿದರು, ಸಹಿ ಹಾಕುವೆನೆಂಬ ಸೂಚನೆ ಗವರ್ನರ್ ಕಡೆಯಿಂದ ಬಂತು. ಸೆಪ್ಟೆಂಬರ್ 12ರಂದು, ಅಧಿವೇಶನದ ಕೊನೆಯ ತಾಸುಗಳಲ್ಲಿ, ಸೆನೆಟ್ 28–8ರಿಂದ, ಅಸೆಂಬ್ಲಿ 55–19ರಿಂದ ಅಂಗೀಕರಿಸಿದವು. 2003ರ ಸಹಿ ಚುನಾವಣೆಯ ಬಿಸಿಯಲ್ಲಿ ಬಿದ್ದಿತ್ತು. ಈ ಸಲ ಮುಂದಿನ ಚುನಾವಣೆಗೆ ಒಂದು ವರ್ಷವಿತ್ತು, ಕಾಯ್ದೆ ಜಾರಿಗೆ 2015ರ ಜನವರಿಯವರೆಗೆ ಗಡುವು ಇತ್ತು.

ಗುರುತಿಗೆ ಒಪ್ಪಿದ್ದಕ್ಕೆ ಬದಲಾಗಿ ಕಾಯ್ದೆಯ ಪಠ್ಯದಲ್ಲಿ ಸಿಕ್ಕದ್ದೇನು ಎಂಬುದನ್ನು ನಿಧಾನವಾಗಿ ಓದಬೇಕು. ಈ ಕಾರ್ಡ್ ಹೊಂದಿದ್ದಾರೆ ಎಂಬ ಕಾರಣಕ್ಕೆ ತಾರತಮ್ಯ ಮಾಡಿದರೆ ಅದು ರಾಜ್ಯದ ನಾಗರಿಕ ಹಕ್ಕು ಕಾನೂನಿನ ಉಲ್ಲಂಘನೆ. ಈ ಕಾರ್ಡನ್ನು ಆಧಾರವಾಗಿಟ್ಟುಕೊಂಡು ಯಾರ ಪೌರತ್ವವನ್ನಾಗಲಿ ವಲಸೆ ಸ್ಥಿತಿಯನ್ನಾಗಲಿ ಶಂಕಿಸಿ ತನಿಖೆ, ಬಂಧನ ಮಾಡುವಂತಿಲ್ಲ. ಅರ್ಜಿಯೊಂದಿಗೆ ಕೊಟ್ಟ ದಾಖಲೆಗಳು ಸಾರ್ವಜನಿಕ ದಾಖಲೆಗಳಲ್ಲ. ಕೆಲಸಕ್ಕೆ, ತೆರಿಗೆಗೆ ಕೇಂದ್ರ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲವೆಂದು ಅರ್ಜಿ ತಿರಸ್ಕರಿಸುವಂತಿಲ್ಲ. ಅರ್ಜಿದಾರರು ತಾವು ಯಾರೆಂದು ರುಜುವಾತುಪಡಿಸಲು ಯಾವ ದಾಖಲೆ ಒಪ್ಪಬೇಕೆಂಬುದನ್ನು ಡಿಎಂವಿ ಸಮುದಾಯದೊಂದಿಗೆ ಸಮಾಲೋಚಿಸಿ ನಿಯಮ ಮಾಡಬೇಕು. 2004ರಲ್ಲಿ ಇಲ್ಲದಿದ್ದ ಗೋಡೆ ಇದು.

ಸಹಿಯ ಆಚೆಗಿನ ಕೆಲಸ

ಎಷ್ಟೋ ಕಾಯ್ದೆಗಳು ಸಹಿಯ ದಿನವೇ ಸಾಯುತ್ತವೆ, ಇಲಾಖೆಯ ಕೌಂಟರಿನಲ್ಲಿ. ಇಲ್ಲಿ ಹಾಗಾಗಲಿಲ್ಲ. 2014ರುದ್ದಕ್ಕೂ ದಾಖಲೆಗಳ ಪಟ್ಟಿಯ ಬಗ್ಗೆ ಸಾರ್ವಜನಿಕ ಸಭೆಗಳು ನಡೆದವು. ಮೆಕ್ಸಿಕೊ ಪಾಸ್‌ಪೋರ್ಟ್, ಅಲ್ಲಿನ ದೂತಾವಾಸ ಕೊಡುವ ಗುರುತಿನ ಚೀಟಿ ಮುಂತಾದವು ಪಟ್ಟಿ ಸೇರಿದವು. ಯಾವ ಕಾಗದವೂ ಇಲ್ಲದವರಿಗೆ ಸಂದರ್ಶನದ ಮೂಲಕ ಗುರುತು ಸಾಬೀತುಪಡಿಸುವ ಎರಡನೇ ಹಂತದ ದಾರಿ ಇಟ್ಟರು. ಗ್ವಾಟೆಮಾಲ, ಓಹಾಕಾದ ಹಳ್ಳಿಗಳಿಂದ ಬಂದ ಮೂಲನಿವಾಸಿಗಳಿಗೆ ಈ ದಾರಿಯೇ ಎಷ್ಟೋ ಸಲ ಉಳಿದ ಏಕೈಕ ದಾರಿ.

ಡಿಎಂವಿ ಮೊದಲು ಕಳಿಸಿದ ವಿನ್ಯಾಸದಲ್ಲಿ ಮುಂಭಾಗದ ಗುರುತು ಆದಷ್ಟು ಚಿಕ್ಕದಾಗಿತ್ತು. 2014ರ ಮೇನಲ್ಲಿ ಕೇಂದ್ರದ ಗೃಹಭದ್ರತಾ ಇಲಾಖೆ ಅದು ಸಾಲದೆಂದು ತಿರಸ್ಕರಿಸಿತು. ಸೆಪ್ಟೆಂಬರ್ ಹೊತ್ತಿಗೆ ‘ಫೆಡರಲ್ ಲಿಮಿಟ್ಸ್ ಅಪ್ಲೈ’ (ಕೇಂದ್ರದ ಮಿತಿಗಳು ಅನ್ವಯಿಸುತ್ತವೆ) ಎಂಬ ಪುಟ್ಟ ಸಾಲನ್ನು ಮೂಲೆಯಲ್ಲಿ ಸೇರಿಸಿದ ವಿನ್ಯಾಸಕ್ಕೆ ಒಪ್ಪಿಗೆ ಸಿಕ್ಕಿತು. ವಲಸೆಯ ಬಗ್ಗೆ ಒಂದಕ್ಷರವೂ ಆ ಸಾಲಿನಲ್ಲಿಲ್ಲ. ಕಾರ್ಡಿನ ಬಣ್ಣವೂ ಬದಲಾಗಲಿಲ್ಲ. ಗ್ರನಾಡಾ ಹಿಲ್ಸ್, ಲೊಂಪೊಕ್, ಸ್ಯಾನ್ ಹೋಸೆ, ಸ್ಟ್ಯಾಂಟನ್‌ಗಳಲ್ಲಿ ನಾಲ್ಕು ಹೊಸ ಕೇಂದ್ರಗಳು ತೆರೆದವು, ನೂರಾರು ಹೊಸ ಸಿಬ್ಬಂದಿ ಬಂದರು. ಮೊದಲ ವಾರಗಳಲ್ಲಿ ಲಿಖಿತ ಪರೀಕ್ಷೆಯಲ್ಲಿ ನಪಾಸಾದವರು ಬಹಳ. ಚರ್ಚ್‌ಗಳಲ್ಲಿ, ಕಾರ್ಮಿಕ ಸಂಘಗಳಲ್ಲಿ ಪಾಠಗಳು ನಡೆದವು.

2015ರ ಒಂದೇ ವರ್ಷದಲ್ಲಿ ಈ ಕಾಯ್ದೆಯಡಿ ಸುಮಾರು 6,05,000 ಲೈಸೆನ್ಸ್ ಹೊರಬಿದ್ದವು. 2018ರ ವಸಂತದ ಹೊತ್ತಿಗೆ ಹತ್ತು ಲಕ್ಷ ದಾಟಿತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಪಘಾತಗಳ ಒಟ್ಟು ಸಂಖ್ಯೆ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಗುದ್ದಿ ಓಡಿಹೋಗುವ ಪ್ರಕರಣಗಳ ಪಾಲು ಮಾತ್ರ ಶೇ 7ರಿಂದ 10ರಷ್ಟು ಇಳಿಯಿತು, ಅಂದರೆ 2015ರಲ್ಲಿ ಸುಮಾರು 4,000 ಕಡಿಮೆ. ಲೈಸೆನ್ಸ್ ಸಿಕ್ಕಿತೆಂದು ಜನ ಒಳ್ಳೆಯ ಚಾಲಕರಾಗಲಿಲ್ಲ, ಕೆಟ್ಟವರೂ ಆಗಲಿಲ್ಲ. ಗುದ್ದಿದ ಮೇಲೆ ನಿಂತರು.

ಗುರುತಿನ ಕಥೆ ಇನ್ನೂ ಒಂದು ತಿರುವು ಪಡೆಯಿತು. 2018ರ ಜನವರಿ 22ರಿಂದ ಕ್ಯಾಲಿಫೋರ್ನಿಯಾ ರಿಯಲ್ ಐಡಿ ಕಾರ್ಡ್ ಕೊಡಲು ಶುರುಮಾಡಿತು. ರಿಯಲ್ ಐಡಿ ಬೇಡವೆಂದವರಿಗೆ, ಅವರು ಹುಟ್ಟಾ ಅಮೆರಿಕನ್ನರೇ ಆಗಿರಲಿ, ಕೊಡುವ ಮಾಮೂಲಿ ಲೈಸೆನ್ಸ್ ಮೇಲೂ ಅದೇ ಸಾಲು ಬಂತು. ಒಂಬತ್ತು ವರ್ಷ ಎಲ್ಲರನ್ನೂ ತಡೆದು ನಿಲ್ಲಿಸಿದ್ದ ಆ ಗುರುತು ಲಕ್ಷಾಂತರ ಪೌರರ ಜೇಬಿನಲ್ಲೂ ಇರುವಂತಾಯಿತು.

ಕಡತ

ಅಪಾಯ ಬಂದದ್ದು ಬೇರೆ ದಿಕ್ಕಿನಿಂದ. ಡಿಎಂವಿ ಮಾಹಿತಿ ಪೊಲೀಸ್ ಜಾಲದ ಮೂಲಕ ರಾಜ್ಯದ, ದೇಶದ ಕಾನೂನುಪಾಲಕರಿಗೆಲ್ಲ ತೆರೆದಿರುತ್ತದೆ. ವಲಸೆ ಅಧಿಕಾರಿಗಳು ಯಾರನ್ನಾದರೂ ಹುಡುಕುವಾಗ ಅದೇ ಜಾಲದಿಂದ ವಿಳಾಸ ತೆಗೆಯಬಲ್ಲರು ಎಂಬುದನ್ನು 2018ರ ಕೊನೆಗೆ ನಾಗರಿಕ ಹಕ್ಕು ಸಂಘಟನೆಗಳು ದಾಖಲೆ ಸಮೇತ ಹೊರಹಾಕಿದವು. ವಿಳಾಸ ಬದಲಾದರೆ ಹತ್ತು ದಿನದೊಳಗೆ ಡಿಎಂವಿಗೆ ತಿಳಿಸಬೇಕೆಂಬುದು ಕ್ಯಾಲಿಫೋರ್ನಿಯಾದ ನಿಯಮ. ಹಾಗಾಗಿ ಕಾನೂನನ್ನು ಚಾಚೂತಪ್ಪದೆ ಪಾಲಿಸುವವರ ವಿಳಾಸವೇ ಕಡತದಲ್ಲಿ ಅತ್ಯಂತ ತಾಜಾ ಆಗಿರುತ್ತದೆ. ಅರ್ಜಿ ಹಾಕಿದ ಹತ್ತು ಲಕ್ಷ ಜನ ನಂಬಿಕೆಯಿಂದ ಕೊಟ್ಟ ಮಾಹಿತಿ ಅದು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಶಾಸಕರು ಸುಮ್ಮನೆ ಕೂರಲಿಲ್ಲ. 2017ರಲ್ಲಿ ಕೆವಿನ್ ಡಿ ಲಿಯೋನ್ ಅವರ ಎಸ್‌ಬಿ 54 ಸ್ಥಳೀಯ ಪೊಲೀಸರು ವಲಸೆ ಜಾರಿಗೆ ಕೈಜೋಡಿಸುವುದನ್ನು ಬಹುಮಟ್ಟಿಗೆ ತಡೆಯಿತು. 2019ರಲ್ಲಿ ಲೊರೆನಾ ಗೊನ್ಸಾಲೆಸ್ ಅವರ ಎಬಿ 1747 ರಾಜ್ಯದ ಪೊಲೀಸ್ ಜಾಲವನ್ನು ವಲಸೆ ಜಾರಿಗೆ ಬಳಸಬಾರದೆಂದಿತು. 2022ರ ಎಬಿ 1766, ಕಾರು ಓಡಿಸದವರಿಗೂ, ಮುಖ್ಯವಾಗಿ ಹಿರಿಯರಿಗೆ ಮತ್ತು ಅಂಗವಿಕಲರಿಗೆ, ರಾಜ್ಯದ ಗುರುತಿನ ಚೀಟಿ ಸಿಗುವಂತೆ ದಾರಿ ತೆರೆಯಿತು. ಇವೆಲ್ಲ ಒಳ್ಳೆಯ ಕಾಯ್ದೆಗಳೇ. ಆದರೆ ಎರಡನೆಯದು ಕಡತ ತುಂಬಿದ ಮೇಲೆ ಹಾಕಿದ ಬೀಗ, ಮೂರನೆಯದು ಕಡತವನ್ನು ಇನ್ನೂ ದೊಡ್ಡದು ಮಾಡುವಂಥದು.

ಎಬಿ 60ರ ಕರಡಿನ ಮೇಜಿಗೆ ಇವತ್ತು ಹೋಗಲು ಸಾಧ್ಯವಿದ್ದರೆ ನಾನು ಕೇಳುತ್ತಿದ್ದ ಕಲಮುಗಳು ಗುರುತಿನ ಬಗ್ಗೆ ಇರುತ್ತಿರಲಿಲ್ಲ. ಪರೀಕ್ಷೆಗೆ, ಲೈಸೆನ್ಸ್ ಮುದ್ರಣಕ್ಕೆ ಬೇಕಾದ್ದಕ್ಕಿಂತ ಹೆಚ್ಚಿನ ದಾಖಲೆಯ ಪ್ರತಿಯನ್ನು ಡಿಎಂವಿ ಇಟ್ಟುಕೊಳ್ಳಬಾರದು. ಕಡತವನ್ನು ಯಾವ ಸಂಸ್ಥೆ, ಯಾವಾಗ, ಯಾವ ಕಾರಣ ಕೊಟ್ಟು ತೆರೆಯಿತು ಎಂಬ ಲೆಕ್ಕ ಪ್ರತಿ ವರ್ಷ ಶಾಸಕಾಂಗದ ಮುಂದೆ ಬರಬೇಕು. ತನ್ನ ವಿವರವನ್ನು ಯಾರು ನೋಡಿದರೆಂದು ಕೇಳುವ ಹಕ್ಕು ಕಾರ್ಡ್ ಹಿಡಿದವರಿಗೆ ಇರಬೇಕು. ಈಗ ಸ್ಯಾಕ್ರಮೆಂಟೊದಲ್ಲಿ ಲ್ಯಾಟಿನೊ ಕೂಟಕ್ಕಾಗಿ ಕರಡು ಬರೆಯುತ್ತಿರುವವರ ಮುಂದೆ ಇರುವ ಕೆಲಸ ಇದು, ಮತ್ತು ಇದಕ್ಕೆ ಬೇಕಾದ ಮತಗಳು ಅವರ ಬಳಿ ಇವೆ.